ಬ್ಯಾಟರಿಯೊಳಗೆ ಬೆಳೆಯುವ ಮುಳ್ಳು

ಕೊಟ್ಟೂರು, ಕೂಡ್ಲಿಗಿ ಕಡೆ ಬ್ಯಾಟರಿ ಸ್ಕೂಟರ್ ಕೊಳ್ಳುವವರ ಪ್ರಶ್ನೆ ಎರಡು: ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ? ಏಪ್ರಿಲ್ ಬಿಸಿಲಿಗೆ ಬೆಂಕಿ ಹತ್ತುವುದಿಲ್ಲ ತಾನೆ? ಇವೆರಡೂ ಒಂದೇ ಗಂಟಿಗೆ ಸೇರಿದವು.

ಈಗಿನ ಬ್ಯಾಟರಿಯ ಋಣಧ್ರುವದಲ್ಲಿ ಗ್ರಾಫೈಟ್ ಇರುತ್ತದೆ. ಒಂದು ಗ್ರಾಂ ಗ್ರಾಫೈಟ್ ಹಿಡಿಯುವುದು ಸುಮಾರು 372 ಮಿಲಿಆಂಪಿಯರ್-ಗಂಟೆ. ಲಿಥಿಯಂ ಲೋಹವಾದರೆ 3,860. ಅಷ್ಟು ವ್ಯತ್ಯಾಸವಿದ್ದರೂ ಲೋಹ ಬಳಸಲು ತಯಾರಕರು ಅಂಜುತ್ತಾರೆ. ಕೆನಡಾದ ಮೋಲಿ ಎನರ್ಜಿ ಕಂಪನಿ ಲಿಥಿಯಂ ಲೋಹದ ಬ್ಯಾಟರಿ ಮಾರಿ, ಬೆಂಕಿ ಕಾಣಿಸಿಕೊಂಡಿದ್ದರಿಂದ 1989ರಲ್ಲಿ ಹಿಂದಕ್ಕೆ ಪಡೆಯಬೇಕಾಯಿತು.

ಇಂಥ ಬ್ಯಾಟರಿ ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು, ಅಂದರೆ ವಿದ್ಯುದಾವೇಶವಿರುವ ಕಣಗಳು, ಋಣಧ್ರುವಕ್ಕೆ ಬಂದು ಲೋಹವಾಗಿ ಕೂರುತ್ತವೆ. ಕೂರಿಗೆಯಿಂದ ಎಲ್ಲ ಸಾಲಿಗೂ ಕಾಳು ಸಮನಾಗಿ ಬೀಳುವಂತೆ ಅವೂ ಎಲ್ಲೆಡೆ ಸಮನಾಗಿ ಕೂರಬೇಕು. ಕೂರುವುದಿಲ್ಲ. ಮೇಲ್ಮೈಯಲ್ಲಿ ಒಂದು ಸಣ್ಣ ಉಬ್ಬು ಇದ್ದರೆ ವಿದ್ಯುತ್ ಕ್ಷೇತ್ರ ಅದರ ತುದಿಯಲ್ಲೇ ತೀವ್ರವಾಗುತ್ತದೆ. ಹೆಚ್ಚು ಅಯಾನುಗಳು ಅಲ್ಲಿಗೇ ಹರಿಯುತ್ತವೆ. ಉಬ್ಬು ಮುಳ್ಳಾಗಿ ಬೆಳೆಯುತ್ತದೆ. ಇದೇ ಡೆಂಡ್ರೈಟ್. ಆಚೆಯ ಧ್ರುವ ಮುಟ್ಟಿದರೆ ಶಾರ್ಟ್ ಸರ್ಕ್ಯೂಟ್.

ಎರಡು ಧ್ರುವಗಳ ನಡುವೆ ಇರುವ, ಸುಲಭವಾಗಿ ಹೊತ್ತಿಕೊಳ್ಳುವ ದ್ರವದ ಬದಲು ಪಾಲಿಮರ್ ಇಡಬಹುದೆಂಬ ದಾರಿ ತೆರೆದದ್ದು 1970ರ ದಶಕದಲ್ಲಿ. ಪಾಲಿಎಥಿಲೀನ್ ಆಕ್ಸೈಡಿನಲ್ಲಿ ಲವಣ ಕರಗಿಸಿದರೆ ವಿದ್ಯುತ್ ಹರಿಯುತ್ತದೆಂದು ವಿಜ್ಞಾನಿ ಪೀಟರ್ ರೈಟ್ ಮತ್ತು ಸಂಗಡಿಗರು ತೋರಿಸಿದರು. ಪಾಲಿಮರ್ ಸರಪಳಿ ಅಲುಗಾಡಿದರೆ ಮಾತ್ರ ಅಯಾನು ಮುಂದೆ ಸರಿಯುತ್ತದೆ; ಅದಕ್ಕೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ಬೇಕು. ನಮ್ಮ ಕಡೆಯ ಬಿಸಿಲೂ ಸಾಲದು! 2011ರಲ್ಲಿ ಪ್ಯಾರಿಸ್‌ನಲ್ಲಿ ಬಾಡಿಗೆಗೆ ಓಡಿದ ಬ್ಲೂಕಾರ್‌ಗಳಲ್ಲಿ ಇಂಥ ಬ್ಯಾಟರಿಯನ್ನು ಬಿಸಿಯಾಗಿಯೇ ಇಡಬೇಕಿತ್ತು.

ಗಟ್ಟಿ ಪದಾರ್ಥವೇ ಮುಳ್ಳನ್ನು ಒತ್ತಿ ಹಿಡಿಯಲಿ ಎಂಬ ಲೆಕ್ಕವನ್ನು 2005ರಲ್ಲಿ ವಿಜ್ಞಾನಿಗಳಾದ ಮನ್ರೋ ಮತ್ತು ನ್ಯೂಮನ್ ಮುಂದಿಟ್ಟರು: ಲಿಥಿಯಂನ ಸುಮಾರು ಎರಡು ಪಟ್ಟು ಬಿಗಿತ ಬೇಕು. ಆದರೆ ಪಾಲಿಮರ್ ಅಷ್ಟು ಬಿಗಿಯಾದರೆ ಅಲುಗಾಟ ನಿಲ್ಲುತ್ತದೆ, ಅಯಾನುಗಳ ಓಟವೂ ನಿಲ್ಲುತ್ತದೆ. ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ಕಾರ್ನೆಲ್ ವಿಶ್ವವಿದ್ಯಾಲಯದ ಲಿಂಡನ್ ಆರ್ಚರ್ ತಂಡದ ಹಾದಿ. ಚಾರ್ಜ್ ಆಗುವಾಗ ಲವಣದ ಋಣ ಅಯಾನುಗಳು ಲೋಹದಿಂದ ದೂರ ಓಡಿ ಅಲ್ಲಿ ಲವಣದ ಬರ ತರುತ್ತವೆ. ಆ ಬರದಲ್ಲೇ ಮುಳ್ಳು ಜೋರಾಗಿ ಚಿಗುರುತ್ತದೆ. ಋಣ ಅಯಾನುಗಳಲ್ಲಿ ಸ್ವಲ್ಪ ಪಾಲನ್ನಾದರೂ ಸರಪಳಿಗೆ ಕಟ್ಟಿಹಾಕಿದರೆ ಬರ ತಗ್ಗುತ್ತದೆ, ಮೆತ್ತನೆಯ ಪಾಲಿಮರಿನಲ್ಲೂ ಲೋಹ ನಯವಾಗಿ ಕೂರಬಲ್ಲದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಾಗ ಫಣಿ ಏಟುಕೂರಿ ಅವರ ತಂಡ 2022ರಲ್ಲಿ, ಧ್ರುವಗಳ ನಡುವೆ ಪಾಲಿಮರ್ ಅಲ್ಲ, ಸೆರಾಮಿಕ್ ಇರುವ ಬ್ಯಾಟರಿಯಲ್ಲಿ ಇನ್ನೊಂದು ಎಳೆ ಹಿಡಿಯಿತು. ಬ್ಯಾಟರಿ ಖಾಲಿಯಾಗುವಾಗ ಲಿಥಿಯಂನಲ್ಲಿ ಸೂಕ್ಷ್ಮ ಪೊಳ್ಳುಗಳು ಏಳುತ್ತವೆ. ಅವುಗಳ ಅಂಚಿನಲ್ಲಿ ವಿದ್ಯುತ್ ದಟ್ಟವಾಗಿ, ಮುಂದಿನ ಚಾರ್ಜಿನಲ್ಲಿ ಮುಳ್ಳು ಹುಟ್ಟುತ್ತದೆ. ಲಿಥಿಯಂ ಮತ್ತು ಸೆರಾಮಿಕ್ ನಡುವೆ ಟಂಗ್‌ಸ್ಟನ್‌ನಂಥ ಲೋಹದ ತೆಳು ಪದರ ಇಟ್ಟರೆ ಮುಳ್ಳು ಹುಟ್ಟುವುದು ತಡವಾಗುತ್ತದೆ.

ಪಾಲಿಮರಿನ ಹಾದಿಯಲ್ಲಿ ಉಳಿದಿರುವ ತೊಡಕು ವೇಗದ್ದು. ಋಣ ಅಯಾನುಗಳನ್ನು ಕಟ್ಟಿಹಾಕಿದ ಒಣ ಪಾಲಿಮರಿನಲ್ಲಿ ಲಿಥಿಯಂ ಬಹಳ ನಿಧಾನವಾಗಿ ಚಲಿಸುತ್ತದೆ. ಮನೆಯ ಸಾಮಾನ್ಯ ತಾಪದಲ್ಲಿ ಬೇಗ ಚಾರ್ಜ್ ಆಗುವ ಇಂಥ ಬ್ಯಾಟರಿಗೆ ಇನ್ನೂ ಕಾಯಬೇಕು.