ತೆನೆಗಾಗಿ ಗದ್ದೆಗಿಳಿದವರು

ಸಮೀರವಾಡಿಯಲ್ಲಿ ನಿಂತು ಯಾವ ದಿಕ್ಕಿಗೆ ನೋಡಿದರೂ ಕಬ್ಬು. ಸಕ್ಕರೆ ಕಾರ್ಖಾನೆಯ ಆಸರೆಯಲ್ಲಿ ಬೆಳೆದ ಊರಿದು. ಕಟಾವಿನ ಕಾಲದಲ್ಲಿ ಟ್ರ್ಯಾಕ್ಟರುಗಳ ಸಾಲು ರಸ್ತೆಯನ್ನೇ ನುಂಗಿಬಿಡುತ್ತದೆ. ಇಷ್ಟು ಕಬ್ಬಿನ ನಡುವೆ ಇರುವವರಿಗೆ ಒಂದು ಸಂಗತಿ ಹೇಳಬೇಕು. ಪ್ರತಿ ಸೆಪ್ಟೆಂಬರ್ 8ರಂದು ಮಂಗಳೂರು, ಉಡುಪಿ ಕಡೆಯ ಕ್ಯಾಥೋಲಿಕ್ ಚರ್ಚುಗಳಲ್ಲಿ ಬಲಿಪೂಜೆ ಮುಗಿಸಿ ಬರುವ ಮಕ್ಕಳು ಕಾಯುವುದು ಕಬ್ಬಿನ ತುಂಡಿಗೆ. ದೊಡ್ಡವರು ಕಾಯುವುದು ಹಸಿ ಭತ್ತದ ತೆನೆಗೆ.

ಅದು ಮೊಂತಿ ಹಬ್ಬ, ಮಾತೆ ಮರಿಯಮ್ಮನವರ ಜನ್ಮದಿನ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಹಿತ್ತಲು, ತೋಟ ಅಲೆದು ಹೂ ಆಯ್ದು ಬಾಲ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿಗಳು ತೆನೆಗಳನ್ನು ಆಶೀರ್ವದಿಸಿ ಕುಟುಂಬಕ್ಕೊಂದರಂತೆ ಹಂಚುತ್ತಾರೆ. ಮನೆಯಲ್ಲಿ ಅದರ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಒಟ್ಟಿಗೆ ಸ್ವೀಕರಿಸುತ್ತಾರೆ. ಕೊಂಕಣಿ ಮಾತಿನ ಮನೆಗಳಲ್ಲಿ ಇದು ‘ನೊವೆಂ’, ಹೊಸ ಅಕ್ಕಿಯ ಊಟ. ಅಂದು ಬಾಳೆಲೆಯ ಮೇಲೆ ತರಕಾರಿ ಅಡುಗೆ ಮಾತ್ರ. ನೇತ್ರಾವತಿ ದಂಡೆಯ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ 1763ರಲ್ಲಿ ಗೋವಾ ಮೂಲದ ಪಾದ್ರಿ ಜೋಕಿಂ ಮಿರಾಂಡಾ ಈ ಆಚರಣೆ ಶುರುಮಾಡಿದರೆಂದು ಹೇಳುತ್ತಾರೆ. ಸೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ನಮ್ಮ ಕಡೆಯವರಿಗೆ ಇದರ ಭಾವವನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ತೆನೆ ಬರುವುದೆಲ್ಲಿಂದ? ಒಂದು ಕಾಲಕ್ಕೆ ಚರ್ಚಿನ ಮಗ್ಗುಲಲ್ಲೇ ಗದ್ದೆ ಇರುತ್ತಿತ್ತು. ಆಳು ಸಿಗದೆ, ಖರ್ಚು ಹುಟ್ಟದೆ, ಮಕ್ಕಳು ಮುಂಬೈಗೂ ಕೊಲ್ಲಿ ದೇಶಗಳಿಗೂ ಹೋಗಿ ಕರಾವಳಿಯ ಗದ್ದೆಗಳು ಹಡಿಲು, ಅಂದರೆ ಪಾಳು, ಬಿದ್ದವು. ತೆನೆಯ ಹಬ್ಬಕ್ಕೆ ತೆನೆಯನ್ನೇ ಹುಡುಕಿಕೊಂಡು ಹೋಗುವ ಸ್ಥಿತಿ ಬಂತು. ಇತ್ತೀಚಿನ ವರ್ಷಗಳಲ್ಲಿ ಹಲವು ಚರ್ಚುಗಳ ಜನ ಇದಕ್ಕೆ ತಾವೇ ಗದ್ದೆಗಿಳಿದು ಉತ್ತರ ಕೊಟ್ಟಿದ್ದಾರೆ. ಕ್ಯಾಥೋಲಿಕ್ ಯುವ ಸಂಘಟನೆ ಐಸಿವೈಎಂನ ಹುಡುಗ ಹುಡುಗಿಯರು, ಕ್ಯಾಥೋಲಿಕ್ ಸಭಾದ ಹಿರಿಯರು, ಕೃಷಿ ಬಲ್ಲ ನೆರೆಹೊರೆಯವರು ಸೇರಿ ಹಡಿಲು ಗದ್ದೆಗಳನ್ನು ಮತ್ತೆ ಉಳುತ್ತಿದ್ದಾರೆ.

ಕೆಲಸದ ಲೆಕ್ಕ ಹಬ್ಬದ ದಿನದಿಂದ ಹಿಂದಕ್ಕೆ ನಡೆಯುತ್ತದೆ. ಸೆಪ್ಟೆಂಬರ್ ಮೊದಲ ವಾರಕ್ಕೆ ಗದ್ದೆ ತೆನೆ ಬಿಟ್ಟಿರಬೇಕು. ಕರಾವಳಿಯಲ್ಲಿ ಹೆಚ್ಚು ಬಳಕೆಯಲ್ಲಿರುವ ಎಂಒ4ನಂಥ ತಳಿ ತೆನೆ ಬಿಡಲು ಮೂರು ತಿಂಗಳ ಮೇಲಾಗುತ್ತದೆ. ಅಂದರೆ ಮುಂಗಾರು ಹೊಸ್ತಿಲಲ್ಲಿರುವಾಗಲೇ ಬೀಜ ನೆನೆಸಿ ನೇಜಿ, ಅಂದರೆ ಭತ್ತದ ಸಸಿ, ಬೆಳೆಸಬೇಕು. ನಾಟಿಯ ದಿನ ಜನಕ್ಕೆ ಬರವಿಲ್ಲ. ಕೆಸರಲ್ಲಿ ಆಟ, ಹಾಡು, ಫೋಟೊ, ಗಂಜಿ ಊಟ ಎಲ್ಲವೂ ಇರುತ್ತದೆ. ಸ್ವಯಂಸೇವೆಯ ನಿಜವಾದ ಪರೀಕ್ಷೆ ಬರುವುದು ಜುಲೈಯಲ್ಲಿ. ಬಿಡದ ಮಳೆಯಲ್ಲಿ ಬೆನ್ನು ಬಗ್ಗಿಸಿ ಕಳೆ ಕೀಳುವಾಗ, ಒಡೆದ ಬದು ಕಟ್ಟುವಾಗ ಫೋಟೊ ತೆಗೆಯುವವರಿರುವುದಿಲ್ಲ. ಆಗಲೂ ಜನ ಬರುವುದಕ್ಕೆ ನನಗೆ ಕಾಣುವ ಕಾರಣ ಒಂದೇ. ಬೆಳೆ ಯಾರ ಮನೆಗೆ, ಯಾವ ದಿನ ಹೋಗಬೇಕೆಂಬುದು ಬಿತ್ತುವ ಮೊದಲೇ ನಿಶ್ಚಯವಾಗಿದೆ. ಸಾಮೂಹಿಕ ತೋಟ ಮಾಡಹೊರಟವರು ಜಾಗಕ್ಕಿಂತ ಮೊದಲು ಇದನ್ನು ಗೊತ್ತುಮಾಡಿಕೊಳ್ಳಬೇಕು.

ಅಮೆರಿಕದ ಉತ್ತರ ಕೆರೊಲಿನಾದ ಸೀಡರ್ ಗ್ರೋವ್ ಎಂಬ ಹಳ್ಳಿಯ ಚರ್ಚ್ ತೋಟದ ಕತೆ ಬೇರೆ ಬಗೆಯದು. 2004ರಲ್ಲಿ ಅಲ್ಲಿನ ಅಂಗಡಿಯಾತನ ಕೊಲೆಯಾಗಿ ಊರು ಬೆದರಿತು, ಕರಿಯರು ಬಿಳಿಯರ ನಡುವಿನ ಹಳೆಯ ಅನುಮಾನ ಮತ್ತೆ ತಲೆಯೆತ್ತಿತು. ಆಗ ಕಪ್ಪು ಸಮುದಾಯದ ಮಹಿಳೆಯೊಬ್ಬರು ತಮ್ಮ ಐದು ಎಕರೆಯನ್ನು ಬಹುಪಾಲು ಬಿಳಿಯರೇ ಇದ್ದ ಮೆಥಡಿಸ್ಟ್ ಚರ್ಚಿಗೆ ಕೊಟ್ಟರು. 2005ರಲ್ಲಿ ಅಲ್ಲಿ ಅನಾತೋತ್ ತೋಟ ಶುರುವಾಯಿತು. ಜೆರುಸಲೇಮಿಗೆ ಶತ್ರು ಮುತ್ತಿಗೆ ಹಾಕಿದ್ದಾಗಲೂ ಪ್ರವಾದಿ ಯೆರೆಮೀಯ ಹೊಲ ಕೊಂಡ ಊರಿನ ಹೆಸರದು. ವಾರಕ್ಕೆ ಕೆಲವು ತಾಸು ದುಡಿದವರಿಗೆ ತರಕಾರಿಯ ಪಾಲು. ಒಬ್ಬರನ್ನೊಬ್ಬರು ದೂರವಿಟ್ಟಿದ್ದವರು ಒಂದೇ ಸಾಲಿನಲ್ಲಿ ಕಳೆ ತೆಗೆದರು.

ಸಮೀರವಾಡಿಯ ನಮ್ಮ ಎರೆಭೂಮಿಯಲ್ಲಿ ಇಂಥದ್ದನ್ನು ಮಾಡಲು ಭತ್ತವೇ ಬೇಕಿಲ್ಲ. ಚರ್ಚಿನದೋ ಗುಡಿಯದೋ ಮಸೀದಿಯದೋ ಒಂದಿಷ್ಟು ಖಾಲಿ ಜಾಗ, ಒಂದು ಕೊಳವೆಬಾವಿ ಇದ್ದರೆ ಕಾಯಿಪಲ್ಲೆಗೆ ಸಾಕು. ಹೊಲದಲ್ಲೇ ಸುಡುವ ಕಬ್ಬಿನ ರವದಿಯನ್ನು ಮಡಿಗಳಿಗೆ ಹೊದಿಸಬಹುದು. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಎಂಬ ತ್ಯಾಜ್ಯವನ್ನು ಕೊಳೆಸಿದರೆ ಒಳ್ಳೆಯ ಗೊಬ್ಬರ. ನೀರು ಮಾತ್ರ ಅಳತೆಯಲ್ಲಿ ಬಿಡಬೇಕು. ಅತಿ ನೀರಿನಿಂದ ಸವಳಾದ ಹೊಲಗಳು ಈ ಸೀಮೆಯಲ್ಲಿ ಎಷ್ಟೋ ಇವೆ. ಚರ್ಚಿನವರಾದರೆ ಕ್ರಿಸ್‌ಮಸ್ ಊಟವನ್ನೇ ಗುರಿಯಾಗಿಟ್ಟುಕೊಳ್ಳಲಿ. ಸೀಗಿ ಹುಣ್ಣಿಮೆಯ ಹೊತ್ತಿಗೆ ಬದನೆ ಸಸಿ ನೆಟ್ಟರೆ ಡಿಸೆಂಬರ್ ಕೊನೆಗೆ ಕಾಯಿ ಬರುತ್ತದೆ. ಮೂಲಂಗಿ, ಮೆಂತ್ಯಕ್ಕೆ ಅಷ್ಟೂ ದಿನ ಬೇಡ, ನವೆಂಬರಿನಲ್ಲಿ ಬಿತ್ತಿದರೂ ನಡೆಯುತ್ತದೆ. ಬದನೆಯ ಬೀಜವನ್ನು ಮಾತ್ರ ಸಸಿ ನೆಡುವುದಕ್ಕೂ ಒಂದು ತಿಂಗಳು ಮೊದಲೇ ಸಸಿಮಡಿಗೆ ಹಾಕಿರಬೇಕು. ಗಣಪತಿ ಹಬ್ಬದ ಸುತ್ತಮುತ್ತ, ಅಂದರೆ ಕರಾವಳಿಯವರು ತೆನೆ ಕೊಯ್ಯುವ ದಿನಗಳಲ್ಲೇ.