ಸೀನು ನಿಲ್ಲಲಿ, ತೂಕಡಿಕೆ ಬಾರದಿರಲಿ

ಧೂಳಿನ ಅಲರ್ಜಿಯಿಂದ ಮಕ್ಕಳು ಸೀನುವಾಗ ಪಾಲಕರು ಮನೆಯಲ್ಲಿದ್ದ ಶೀತದ ಮಾತ್ರೆ ಕೊಡುವುದುಂಟು. ಅಂಥ ಅನೇಕ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮೈನ್ ಇರುತ್ತದೆ. ಅದು ಮೆದುಳನ್ನೂ ತಲುಪಿ ತೂಕಡಿಕೆ ತರುತ್ತದೆ. ಲೊರಾಟಡಿನ್, ಫೆಕ್ಸೊಫೆನಡಿನ್ ಮೆದುಳಿಗೆ ಸೇರುವುದು ಬಹಳ ಕಡಿಮೆ. ಸೆಟಿರಿಜಿನ್‌ನಿಂದ ಕೆಲವರಿಗೆ ನಿದ್ದೆ ಬರುತ್ತದೆ. ಆದ್ದರಿಂದ ಯಾವುದೇ ಹೊಸ ಮಾತ್ರೆಯನ್ನು ಪರೀಕ್ಷೆಯ ದಿನವೇ ಮೊದಲ ಸಲ ನುಂಗಬಾರದು.

ಫೆಕ್ಸೊಫೆನಡಿನ್ ಅನ್ನು ನೀರಿನೊಂದಿಗೇ ತೆಗೆದುಕೊಳ್ಳಿ. ಕಿತ್ತಳೆ, ಸೇಬಿನ ರಸದೊಂದಿಗೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಎರಡು ಬಗೆಯ ಅಲರ್ಜಿ ಮಾತ್ರೆ ಒಟ್ಟಿಗೆ ಬೇಡ. ಮಕ್ಕಳು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ತುಟಿ, ನಾಲಗೆ ಊದಿ ಉಸಿರಾಟ ಕಷ್ಟವಾದರೆ ಮಾತ್ರೆ ಕೊಟ್ಟು ಕಾಯಬೇಡಿ. ತಕ್ಷಣ 108ಕ್ಕೆ ಕರೆಮಾಡಿ.