ಸುಟ್ಟ ರೋಧಕ

ಯಂತ್ರವೊಂದು ಕೆಟ್ಟು ನಿಂತಾಗ ಮನುಷ್ಯರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ವರ್ತಿಸುತ್ತಾರೆ. ಕೆಲವರು ಕೆಟ್ಟ ಭಾಗವನ್ನು ಕಿತ್ತು, ಹೊಸದನ್ನು ಕೂಡಿಸಿ, ಕೆಲಸ ಮುಗಿಯಿತೆಂದು ಎದ್ದುಬಿಡುತ್ತಾರೆ. ಮತ್ತೆ ಕೆಲವರು ಆ ಭಾಗವು ಕೆಟ್ಟದ್ದೇಕೆ ಎಂದು ವಿಚಾರಿಸುತ್ತಾರೆ. ಮೊದಲಿನವರ ಕೆಲಸ ಬೇಗ ಮುಗಿಯುತ್ತದೆ. ಎರಡನೆಯವರ ಕೆಲಸ ಬಹುಕಾಲ ಬಾಳುತ್ತದೆ. ವಿದ್ಯುತ್ ಕಾರಿನ ಒಂದು ಪುಟ್ಟ ಭಾಗ ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ಪೆಟ್ರೋಲಿನ ಹಂಗಿಲ್ಲದೆ ವಿದ್ಯುತ್ತಿನಿಂದಲೇ ಓಡುವ ಕಾರುಗಳು ಇಂದು ಅಪರೂಪವಲ್ಲ. ಬೆಂಗಳೂರಿನಲ್ಲಿ ತಯಾರಾದ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿಯೇ ಮಾರಾಟಕ್ಕೆ ಬಂದಿತ್ತು. ಇಂದಿನ ಬಹುಪಾಲು ವಿದ್ಯುತ್ ಕಾರುಗಳಲ್ಲಿ ಎರಡು ಬ್ಯಾಟರಿಗಳಿರುತ್ತವೆ. ನೂರಾರು ವೋಲ್ಟುಗಳ ದೊಡ್ಡ ಬ್ಯಾಟರಿ ಚಕ್ರಗಳನ್ನು ತಿರುಗಿಸುತ್ತದೆ. 12 ವೋಲ್ಟುಗಳ ಚಿಕ್ಕ ಬ್ಯಾಟರಿ ದೀಪ, ಹಾರನ್ ಮೊದಲಾದವುಗಳನ್ನು ನಡೆಸುತ್ತದೆ. ಕಾರಿನ ಒಳಕ್ಕೆ ಗಾಳಿಯನ್ನು ನೂಕುವ ಬ್ಲೋವರ್ ಎಂಬ ಫ್ಯಾನು ಸಾಮಾನ್ಯವಾಗಿ ಈ ಚಿಕ್ಕ ಬ್ಯಾಟರಿಯನ್ನೇ ಆಶ್ರಯಿಸಿದೆ.

ಈ ಗಾಳಿಯನ್ನು ಬರಿಯ ಸುಖಸಾಧನವೆಂದು ಭಾವಿಸಬಾರದು. ಮಳೆಗಾಲದಲ್ಲಿ ಆಗುಂಬೆಯಂಥ ಘಟ್ಟದ ದಾರಿಯಲ್ಲಿ ಸಾಗುವಾಗ ಮುಂದಿನ ಗಾಜಿನ ಒಳಮೈಗೆ ಪ್ರಯಾಣಿಕರ ಉಸಿರಿನ ತೇವವೇ ಮಂಜಾಗಿ ಅಂಟಿಕೊಳ್ಳುತ್ತದೆ. ತಿರುವಿನಾಚೆಯ ದಾರಿ ಚಾಲಕನಿಗೆ ಕಾಣದಾಗುತ್ತದೆ. ಆ ಮಂಜನ್ನು ಅಳಿಸುವುದು ಬ್ಲೋವರಿನ ಗಾಳಿ. ಆದುದರಿಂದ ಅದು ಬೇಕಾದಾಗ ಬೇಕಾದಷ್ಟು ವೇಗದಲ್ಲಿ ತಿರುಗಬೇಕಾದುದು ಪ್ರಯಾಣಿಕರ ಕ್ಷೇಮಕ್ಕೆ ಅಗತ್ಯ.

ವೇಗವನ್ನು ಹೆಚ್ಚುಕಡಿಮೆ ಮಾಡುವುದು ಹೇಗೆ? ಹಳೆಯ ಮನೆಗಳಲ್ಲಿ ಛಾವಣಿಯ ಫ್ಯಾನಿಗೆ ಜೋಡಿಸಿದ ದಪ್ಪನೆಯ ರೆಗ್ಯುಲೇಟರ್ ಪೆಟ್ಟಿಗೆಯನ್ನು ಹಲವರು ಕಂಡಿರಬಹುದು. ಫ್ಯಾನು ನಿಧಾನವಾಗಿ ತಿರುಗುವಾಗ ಆ ಪೆಟ್ಟಿಗೆ ಬೆಚ್ಚಗಾಗುತ್ತಿತ್ತು. ಅದರೊಳಗಿದ್ದ ತಂತಿಯ ಸುರುಳಿ ವಿದ್ಯುತ್ ಪ್ರವಾಹಕ್ಕೆ ಅಡ್ಡಿಯನ್ನು ಒಡ್ಡುತ್ತಿತ್ತು. ಹೀಗೆ ಅಡ್ಡಿಯೊಡ್ಡುವ ಸಾಧನಕ್ಕೆ ರೋಧಕ ಅಥವಾ ರೆಸಿಸ್ಟರ್ ಎಂದು ಹೆಸರು. ಹಲವು ಕಾರುಗಳ ಬ್ಲೋವರಿನಲ್ಲಿಯೂ ಇದೇ ಉಪಾಯವಿದೆ. ಒಂದರ ಮುಂದೊಂದು ಜೋಡಿಸಿದ ಕೆಲವು ಸುರುಳಿಗಳು ಅಲ್ಲಿರುತ್ತವೆ. ಗುಂಡಿಯನ್ನು ಒಂದನೆಯ ವೇಗಕ್ಕೆ ತಿರುಗಿಸಿದರೆ ಪ್ರವಾಹವು ಎಲ್ಲ ಸುರುಳಿಗಳನ್ನೂ ಹಾಯ್ದು ಮೋಟಾರನ್ನು ಸೇರಬೇಕು. ಎರಡನೆಯ ವೇಗದಲ್ಲಿ ಒಂದು ಸುರುಳಿ ಕಡಿಮೆಯಾಗುತ್ತದೆ. ಕೊನೆಯ ವೇಗದಲ್ಲಿ ಪ್ರವಾಹವು ರೋಧಕವನ್ನು ಬಿಟ್ಟು ನೇರವಾಗಿ ಮೋಟಾರಿಗೆ ಹರಿಯುತ್ತದೆ.

ವಿಭವಾಂತರ, ಪ್ರವಾಹ, ರೋಧ ಇವುಗಳ ಸಂಬಂಧವನ್ನು 1827ರಲ್ಲಿ ಪ್ರಕಟಿಸಿದವನು ಜರ್ಮನಿಯ ಗೆಯಾರ್ಗ್ ಸೈಮನ್ ಓಮ್. ಕೊಲೋನ್ ನಗರದ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದವನು ಆತ. ರೋಧದ ಅಳತೆಗೆ ಇಂದು ಆತನ ಹೆಸರೇ ನಿಂತಿದೆ. ತಂತಿಯಲ್ಲಿ ಹುಟ್ಟುವ ಶಾಖದ ಲೆಕ್ಕವನ್ನು 1841ರಲ್ಲಿ ಪ್ರಕಟಿಸಿದವನು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೌಲ್. ಪ್ರವಾಹವು ಇಮ್ಮಡಿಯಾದರೆ ಶಾಖವು ನಾಲ್ಮಡಿಯಾಗುತ್ತದೆ, ಮುಮ್ಮಡಿಯಾದರೆ ಒಂಬತ್ತು ಪಟ್ಟಾಗುತ್ತದೆ ಎಂಬುದು ಆತ ಕಂಡ ನಿಯಮ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಕಡಿಮೆ ವೇಗದಲ್ಲಿ 5 ಆಂಪಿಯರ್ ಪ್ರವಾಹ ಹರಿಯುತ್ತಿದೆ ಎಂದಿಟ್ಟುಕೊಳ್ಳೋಣ. ಬ್ಯಾಟರಿಯ 12 ವೋಲ್ಟುಗಳಲ್ಲಿ ಮೋಟಾರಿಗೆ ದೊರೆಯುವುದು 4 ವೋಲ್ಟು. ಉಳಿದ 8 ವೋಲ್ಟುಗಳನ್ನು ರೋಧಕವು ತಡೆಯುತ್ತದೆ. ಆಗ ಮೋಟಾರು ಬಳಸುವುದು 20 ವ್ಯಾಟ್. ರೋಧಕದಲ್ಲಿ ಶಾಖವಾಗಿ ಹೋಗುವುದು 40 ವ್ಯಾಟ್! ಫ್ಯಾನಿಗೆ ಸಲ್ಲುವುದಕ್ಕಿಂತ ಇಮ್ಮಡಿ ವಿದ್ಯುತ್ತು ಅದನ್ನು ತಡೆದು ನಿಲ್ಲಿಸುವುದಕ್ಕೇ ವ್ಯಯವಾಯಿತು. ಬೆರಳುಗಾತ್ರದ ಸುರುಳಿಗಳು ಇಷ್ಟು ಶಾಖವನ್ನು ತಾಳಿಕೊಳ್ಳುವುದು ಸುಲಭವಲ್ಲ.

ಈ ತೊಡಕಿಗೆ ಎಂಜಿನಿಯರುಗಳು ಕಂಡುಕೊಂಡ ಪರಿಹಾರ ಸರಳವಾದುದು, ಆದರೆ ಜಾಣತನದ್ದು. ರೋಧಕವನ್ನು ಅವರು ಬ್ಲೋವರಿನ ಗಾಳಿ ಹರಿಯುವ ಕೊಳವೆಯಲ್ಲಿಯೇ ಇರಿಸಿದರು. ಗಾಳಿಯನ್ನು ಹತೋಟಿಯಲ್ಲಿಡುವ ರೋಧಕವನ್ನು ಆ ಗಾಳಿಯೇ ತಂಪಾಗಿಡುತ್ತದೆ. ಒಂದು ವೇಳೆ ಶಾಖವು ಮಿತಿಮೀರಿದರೆ ಕರಗಿ ಪ್ರವಾಹವನ್ನು ಕಡಿದುಹಾಕುವ ಚಿಕ್ಕ ಫ್ಯೂಸನ್ನೂ ಹಲವು ರೋಧಕಗಳಲ್ಲಿ ಅಳವಡಿಸಿರುತ್ತಾರೆ.

ಹೀಗಿದ್ದೂ ರೋಧಕ ಸುಡುವುದುಂಟು. ಅದಕ್ಕೆ ಮುಖ್ಯ ಕಾರಣಗಳು ಎರಡು. ಗಾಳಿ ಒಳಬರುವ ದಾರಿಯಲ್ಲಿ ಒಣಗಿದ ಎಲೆ, ಧೂಳು ಕಟ್ಟಿಕೊಂಡರೆ, ಅಥವಾ ಗಾಳಿಯನ್ನು ಸೋಸುವ ಫಿಲ್ಟರ್ ಮುಚ್ಚಿಹೋದರೆ, ರೋಧಕಕ್ಕೆ ತಂಪು ದೊರೆಯದು. ಮೋಟಾರಿನ ಬೇರಿಂಗ್ ಸವೆದು ಅಚ್ಚು ಬಿಗಿಯಾಗಿ ತಿರುಗತೊಡಗಿದರೆ, ಅದು ಹೆಚ್ಚು ಪ್ರವಾಹವನ್ನು ಎಳೆದುಕೊಳ್ಳುತ್ತದೆ. ಆಗ ಜೌಲ್ ಹೇಳಿದಂತೆ, ಪ್ರವಾಹ ಒಂದು ಪಾಲು ಏರಿದರೆ ಶಾಖ ಅದಕ್ಕಿಂತ ಬಹಳ ಹೆಚ್ಚು ಏರುತ್ತದೆ.

ರೋಧಕ ಸುಟ್ಟಿರುವುದನ್ನು ಬಿಚ್ಚಿ ನೋಡುವ ಮೊದಲೇ ಊಹಿಸಬಹುದು. ಫ್ಯಾನು ಕೊನೆಯ ವೇಗದಲ್ಲಿ ಮಾತ್ರ ತಿರುಗುತ್ತದೆ. ಉಳಿದ ಯಾವ ವೇಗದಲ್ಲಿಯೂ ಅಲುಗುವುದಿಲ್ಲ. ಕೊನೆಯ ವೇಗದಲ್ಲಿ ತಿರುಗಿತೆಂದ ಮೇಲೆ ಬ್ಯಾಟರಿ ಸರಿಯಾಗಿದೆ, ಮೋಟಾರಿಗೆ ಜೀವವಿದೆ. ಆ ವೇಗದಲ್ಲಿ ಪ್ರವಾಹವು ಹಾಯದೆ ಬಿಟ್ಟ ಭಾಗ ಒಂದೇ, ಅದು ರೋಧಕ. ಆದುದರಿಂದ ಮೊದಲ ಸಂಶಯ ಅದರ ಮೇಲೆಯೇ ಬೀಳಬೇಕು. ಕೈಗೆ ಮಸಿ ತಾಗುವ ಮುನ್ನ ಬುದ್ಧಿ ಮಾಡಿದ ಕೆಲಸವಿದು.

ರೋಧಕವನ್ನು ಬದಲಿಸುವ ಕ್ರಮ ಕಷ್ಟದ್ದಲ್ಲ. ಆದರೆ ಎಚ್ಚರಿಕೆ ಅಗತ್ಯ. ವಿದ್ಯುತ್ ಕಾರಿನಲ್ಲಿ ಕಿತ್ತಳೆ ಬಣ್ಣದ ಹೊದಿಕೆಯುಳ್ಳ ಕೇಬಲುಗಳು ಪ್ರಾಣಾಪಾಯವನ್ನುಂಟುಮಾಡುವಷ್ಟು ವೋಲ್ಟುಗಳನ್ನು ಹೊತ್ತಿರುತ್ತವೆ. ತರಬೇತಿ ಇಲ್ಲದವರು ಅವುಗಳ ಗೊಡವೆಗೆ ಹೋಗಲೇಬಾರದು. ಕಾರನ್ನು ಪೂರ್ತಿಯಾಗಿ ನಿಲ್ಲಿಸಿ, ತಯಾರಕರ ಸೂಚನೆಯಂತೆ ಚಿಕ್ಕ ಬ್ಯಾಟರಿಯ ಋಣಾಗ್ರದ ತಂತಿಯನ್ನು ಬಿಡಿಸಿದ ಬಳಿಕವೇ ಮೆಕ್ಯಾನಿಕ್ಕನು ಕೆಲಸಕ್ಕೆ ಕೈಹಾಕುತ್ತಾನೆ. ಅನೇಕ ಕಾರುಗಳಲ್ಲಿ ಚಾಲಕನ ಪಕ್ಕದ ಆಸನದ ಮುಂದೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ರೋಧಕವಿರುತ್ತದೆ. ಅದು ಆರಿದ ಮೇಲೆ ತಂತಿಗಳ ಕನೆಕ್ಟರನ್ನು ಕಳಚಿ, ಸ್ಕ್ರೂಗಳನ್ನು ಬಿಚ್ಚಿ ಹೊರತೆಗೆಯುತ್ತಾನೆ. ಕನೆಕ್ಟರಿನ ಪ್ಲಾಸ್ಟಿಕ್ಕು ಕರಗಿದ್ದರೆ ಅದನ್ನೂ ಬದಲಿಸುತ್ತಾನೆ.

ಒಳ್ಳೆಯ ಕೆಲಸಗಾರನು ಹೊಸ ರೋಧಕವನ್ನು ಕೂಡಿಸುವ ಮೊದಲು ಇನ್ನೆರಡು ಪರೀಕ್ಷೆಗಳನ್ನು ನಡೆಸುತ್ತಾನೆ. ಫ್ಯಾನನ್ನು ಕೈಯಿಂದ ತಿರುಗಿಸಿ ಅದು ಹಗುರವಾಗಿ ಸುತ್ತುತ್ತದೆಯೇ ಎಂದು ನೋಡುತ್ತಾನೆ. ಗಾಳಿಯ ದಾರಿಯನ್ನು ಶುಚಿಗೊಳಿಸಿ ಫಿಲ್ಟರನ್ನು ಪರೀಕ್ಷಿಸುತ್ತಾನೆ. ಕೊನೆಯಲ್ಲಿ ಪ್ರತಿಯೊಂದು ವೇಗದಲ್ಲಿಯೂ ಫ್ಯಾನನ್ನು ನಡೆಸಿ ನೋಡುತ್ತಾನೆ. ಈ ಪರೀಕ್ಷೆಗಳನ್ನು ಬಿಟ್ಟು ರೋಧಕವನ್ನಷ್ಟೇ ಬದಲಿಸಿದರೆ ಹೊಸದೂ ಕೆಲವು ದಿನಗಳಲ್ಲಿ ಸುಟ್ಟೀತು. ಮಾಡಿದ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ವ್ಯರ್ಥವಾದೀತು.

ಇದಕ್ಕಿಂತಲೂ ಕೆಟ್ಟ ದಾರಿಯೊಂದಿದೆ. ಕರಗಿದ ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿಯ ತುಂಡನ್ನು ಬೆಸೆದು, ಹೊಸ ರೋಧಕದ ಹಣವನ್ನು ಉಳಿಸುವ ದಾರಿ ಅದು. ಫ್ಯಾನು ಮತ್ತೆ ತಿರುಗುತ್ತದೆ, ನಿಜ. ಆದರೆ ಅಪಾಯದ ಹೊತ್ತಿಗೆ ಪ್ರವಾಹವನ್ನು ತಡೆಯುವ ಕಾವಲುಗಾರನೇ ಅಲ್ಲಿರುವುದಿಲ್ಲ. ಸುರುಳಿ ಕೆಂಪಗೆ ಕಾದರೆ ಅಕ್ಕಪಕ್ಕದ ಪ್ಲಾಸ್ಟಿಕ್ಕು ಹೊತ್ತಿಕೊಳ್ಳಬಹುದು. ಫ್ಯೂಸು ಕರಗಿದ್ದು ಯಂತ್ರದ ದೋಷವಲ್ಲ. ಅದು ತನ್ನನ್ನು ಬಲಿಗೊಟ್ಟು ಕಾರನ್ನೂ ಒಳಗಿರುವವರನ್ನೂ ಉಳಿಸಿತು.

ಈಚಿನ ಅನೇಕ ಕಾರುಗಳಲ್ಲಿ ಸುರುಳಿಯ ಬದಲು ಟ್ರಾನ್ಸಿಸ್ಟರ್ ಬಂದಿದೆ. ಅದು ಪ್ರವಾಹವನ್ನು ಸೆಕೆಂಡಿಗೆ ಸಾವಿರಾರು ಸಲ ಹರಿಸಿ ನಿಲ್ಲಿಸಿ ವೇಗವನ್ನು ಹೊಂದಿಸಬಲ್ಲದು. ಆದುದರಿಂದ ವಿದ್ಯುತ್ತಿನ ನಷ್ಟ ಬಹಳ ಕಡಿಮೆ. ಆದರೂ ಅದಕ್ಕೂ ತಂಪು ಬೇಕು, ಶುಚಿಯಾದ ಗಾಳಿಯ ದಾರಿ ಬೇಕು. ಸಾಧನ ಬದಲಾದರೂ ಅದನ್ನು ದುರಸ್ತಿಮಾಡುವವನು ಕೇಳಬೇಕಾದ ಪ್ರಶ್ನೆ ಬದಲಾಗಿಲ್ಲ. ಸುಟ್ಟದ್ದು ಯಾವುದು ಎಂಬುದರ ಜೊತೆಗೆ ಸುಟ್ಟದ್ದೇಕೆ ಎಂಬುದನ್ನೂ ಅವನು ತಿಳಿಯಬೇಕು.